ಖಾನಾವಳಿಯಲ್ಲಿ ಉಣ್ಣುವವರಿಗೂ ಬಡಿಸುವವರಿಗೂ ಒಂದಿಷ್ಟು ರೂಢಿಗಳು

ಹುಬ್ಬಳ್ಳಿಯ ಯಾವುದಾದರೂ ಖಾನಾವಳಿಗೆ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹೋಗಿ ನೋಡಿ. ಕುರ್ಚಿ ಖಾಲಿ ಇರುವುದಿಲ್ಲ. ಉಣ್ಣುತ್ತಿರುವವರ ಬೆನ್ನ ಹಿಂದೆಯೇ ಮುಂದಿನವರು ಪಾಳಿ ಹಚ್ಚಿರುತ್ತಾರೆ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ. ಒಬ್ಬ ಸಪ್ಲೈಯರ್ ಕೈಯಲ್ಲಿ ರೊಟ್ಟಿ ಬುಟ್ಟಿ, ಇನ್ನೊಬ್ಬನ ಕೈಯಲ್ಲಿ ಪಲ್ಯ. ಮತ್ತೊಬ್ಬ ಎಂಜಲು ತಾಟು ಎತ್ತಿ ಟೇಬಲ್ ಒರೆಸುತ್ತಿರುತ್ತಾನೆ. ಯಾರಿಗೂ ನಿಂತು ಮಾತಾಡುವ ಪುರುಸೊತ್ತಿಲ್ಲ. ಆದರೂ ಕೆಲವು ಗಿರಾಕಿಗಳು ಒಳಗೆ ಬಂದರೆ ಸಪ್ಲೈಯರ್ ಮುಖ ಅರಳುತ್ತದೆ. ಕೆಲವು ಸಪ್ಲೈಯರ್ ಇರುವ ಟೇಬಲ್ಲೇ ಬೇಕು ಅಂತ ಗಿರಾಕಿಗಳೂ ಕಾಯುತ್ತಾರೆ.

ಇದು ಹೇಗೆ ಆಗುತ್ತದೆ ಅಂತ ನೋಡುತ್ತಾ ಹೋದರೆ ನನಗೆ ಕಾಣುವುದು ಎರಡೇ ಲೆಕ್ಕ. ಗಿರಾಕಿಯಿಂದಾಗಿ ಸಪ್ಲೈಯರ್‌ಗೆ ಒಂದು ಓಡಾಟ ಉಳಿಯಿತಾ? ಸಪ್ಲೈಯರ್‌ನಿಂದಾಗಿ ಗಿರಾಕಿಗೆ ನಾಲ್ಕು ಜನರ ಮುಂದೆ ಆಗುವ ಮುಜುಗರ ತಪ್ಪಿತಾ? ಇವೆರಡು ಆದರೆ ಸಾಕು. ನಗುಮುಖ, ಥ್ಯಾಂಕ್ಯೂ ಎಲ್ಲ ರೊಟ್ಟಿಯ ಮೇಲಿನ ಬೆಣ್ಣೆ ಇದ್ದಂತೆ. ಇದ್ದರೆ ಚೆಂದ, ಆದರೆ ಮೊದಲು ರೊಟ್ಟಿ ಬೇಕು.

ಮೊದಲ ಭಾಗ ಉಣ್ಣಲು ಹೋಗುವವರಿಗೆ. ಎರಡನೆಯದು ಬಡಿಸುವವರಿಗೆ ಮತ್ತು ಗಲ್ಲಾದಲ್ಲಿ ಕೂರುವವರಿಗೆ.

1. ಹೊತ್ತು ನೋಡಿಕೊಂಡು ಹೋಗಿ

ಹೋಟೆಲ್ ಕೆಲಸದವರು ಮಧ್ಯಾಹ್ನ ಉಣ್ಣುವುದು ಗಿರಾಕಿಗಳ ಗದ್ದಲ ಇಳಿದ ಮೇಲೆ. ಅಂದರೆ ಸಾಮಾನ್ಯವಾಗಿ ಮೂರು ಗಂಟೆ ದಾಟಿದ ಮೇಲೆ. ಎಲ್ಲರಿಗೂ ಊಟ ಬಡಿಸಿ, ತಾವು ಇನ್ನೇನು ತಾಟು ಹಿಡಿಯಬೇಕು ಅನ್ನುವಾಗ ಎಂಟು ಜನರ ಗುಂಪು ಬಂದು ಬಿಸಿ ರೊಟ್ಟಿ ಕೇಳಿದರೆ ಏನಾಗುತ್ತದೆ? ತಾಟು ಮತ್ತೆ ಒಳಗೆ ಹೋಗುತ್ತದೆ. ಆರಿಸಿದ ಒಲೆ ಮತ್ತೆ ಹಚ್ಚಬೇಕಾಗುತ್ತದೆ.

ತಡವಾಗಿ ಹೋಗಲೇಬಾರದು ಅಂತಲ್ಲ. ಬಸ್ಸು ತಡವಾಗುತ್ತದೆ, ಕೋರ್ಟಿನ ಕೆಲಸ ಎಳೆಯುತ್ತದೆ, ಮಾರ್ಕೆಟ್ಟಿನಲ್ಲಿ ಹೊತ್ತಾಗುತ್ತದೆ. ಬಾಗಿಲಲ್ಲೇ ನಿಂತು "ಊಟ ಐತೇನ್ರಿ? ಇದ್ದದ್ದ ಕೊಡ್ರಿ" ಅಂದುಬಿಡಿ. ಈ ಒಂದು ಮಾತಿಗೆ ಎಷ್ಟು ಬೆಲೆ ಇದೆ ಅಂತ ಆಮೇಲೆ ತಾಟು ನೋಡಿದಾಗ ಗೊತ್ತಾಗುತ್ತದೆ. ಪಲ್ಯ ಮುಗಿದಿದ್ದರೆ ಝುಣಕ ಬರುತ್ತದೆ, ಶೇಂಗಾ ಚಟ್ನಿ ಜಾಸ್ತಿ ಬೀಳುತ್ತದೆ, ಮೊಸರು ತಾನಾಗಿ ಬರುತ್ತದೆ.

ಹತ್ತು ಜನ ಹೋಗುವುದಿದ್ದರೆ ಅರ್ಧ ಗಂಟೆ ಮೊದಲೇ ಫೋನ್ ಮಾಡಿ. ಜೋಳದ ರೊಟ್ಟಿ ಒಂದೊಂದೇ ಕೈಯಲ್ಲಿ ಬಡಿಯುವಂಥದ್ದು. ಹತ್ತು ಜನರಿಗೆ ಎರಡೆರಡು ಅಂದರೂ ಇಪ್ಪತ್ತು ರೊಟ್ಟಿ. ಒಳಗಿರುವ ಹೆಣ್ಣುಮಕ್ಕಳ ತೋಳಿಗೆ ಆ ಲೆಕ್ಕ ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ.

2. ಕರೆಯುವುದು

"ಅಣ್ಣಾ", "ತಮ್ಮಾ", "ಕಾಕಾ", "ಅಕ್ಕಾರ". ವಯಸ್ಸು ನೋಡಿ ಯಾವುದು ಹೊಂದುತ್ತದೋ ಅದು. ನಮ್ಮ ಕಡೆ ಮಾತಿನ ಕೊನೆಗೆ ಒಂದು "ರೀ" ಹಚ್ಚುವುದು ಎಲ್ಲರಿಗೂ ರೂಢಿ, ಹೋಟೆಲಿಗೆ ಹೋದಾಗ ಮಾತ್ರ ಅದನ್ನು ಮನೆಯಲ್ಲಿ ಬಿಟ್ಟು ಬರುವವರಿದ್ದಾರೆ. ನಲವತ್ತು ದಾಟಿದ, ಮಗಳ ಮದುವೆ ಮಾಡಿದ ಮನುಷ್ಯನಿಗೆ "ಏ ಹುಡುಗಾ" ಅನ್ನುತ್ತಾರೆ. ಚಿಟಿಕೆ ಹೊಡೆಯುವುದು, ಚಮಚದಿಂದ ಗ್ಲಾಸ್ ಬಾರಿಸುವುದು ಇವೆಲ್ಲ ಬೇಡ.

ಎರಡೂ ಕೈ ತುಂಬಿರುವಾಗ ಕರೆಯಬೇಡಿ. ಅವರು ತಾಟು ಇಳಿಸುವವರೆಗೆ ತಾಳಿ, ಆಮೇಲೆ ಕಣ್ಣಿಗೆ ಕಣ್ಣು ಸೇರಿದಾಗ ಕೈ ಎತ್ತಿ. ಫೋನ್‌ನಲ್ಲಿ ಮಾತಾಡುತ್ತಾ ಬೆರಳಲ್ಲೇ "ಎರಡು" ಅಂತ ತೋರಿಸುವುದೂ ಬೇಡ. ಎರಡು ಏನು ಅಂತ ಅವರು ಎದುರಿಗೇ ನಿಂತಿರಬೇಕಾಗುತ್ತದೆ, ಅತ್ತ ಇನ್ನೊಂದು ಟೇಬಲ್‌ನವರು ಬೈಯುತ್ತಿರುತ್ತಾರೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಟೇಬಲ್ ಒರೆಸುವವನು ನಿಜಕ್ಕೂ ಚಿಕ್ಕ ಹುಡುಗನೇ ಆಗಿದ್ದರೆ ಅವನ ಕೈಗೆ ಹತ್ತು ರೂಪಾಯಿ ಇಟ್ಟು ಹೊರಟರೆ ಆಗಲಿಲ್ಲ. ಹೋಟೆಲ್, ಧಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ 2006ರಿಂದಲೇ ನಿಷೇಧ ಇದೆ. 2016ರ ತಿದ್ದುಪಡಿಯ ನಂತರ ಮನೆಯವರ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ ನೆರವಾಗುವಂಥ ಒಂದೆರಡು ವಿನಾಯಿತಿ ಬಿಟ್ಟು ಎಲ್ಲ ಕೆಲಸಕ್ಕೂ ಅದು ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

3. ಕೇಳುವುದನ್ನು ಒಟ್ಟಿಗೆ ಕೇಳಿ

ಉಳ್ಳಾಗಡ್ಡಿ ಅಂದಿರಿ, ತಂದರು. ಲಿಂಬು ಅಂದಿರಿ, ತಂದರು. ಆಮೇಲೆ ಉಪ್ಪು. ಆಮೇಲೆ ಇನ್ನೊಂದು ಗ್ಲಾಸ್ ನೀರು. ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದರು. ಒಮ್ಮೆಗೆ ಹೇಳಿದ್ದರೆ ಒಂದೇ ಸಲ. ಐದು ಜನ ಕೂತಿದ್ದರೆ ಯಾರಾದರೂ ಒಬ್ಬರು ಎಲ್ಲರದ್ದೂ ಕೇಳಿಕೊಂಡು ಹೇಳಿ. ಸಪ್ಲೈಯರ್ ಬಂದು ನಿಂತ ಮೇಲೆ "ನೀ ಏನ್ ತಗೋತಿ?" ಅಂತ ಚರ್ಚೆ ಶುರು ಮಾಡುವ ಮನೆತನಗಳು ನಮ್ಮಲ್ಲಿ ಬಹಳ.

ನಿಮಗೆ ಅನ್ನ ಮೊದಲೇ ಬೇಕಿದ್ದರೆ ಅದನ್ನೂ ಆಗಲೇ ಹೇಳಿ. ಇಲ್ಲಿ ರೊಟ್ಟಿ ಮುಗಿದ ಮೇಲೇ ಅನ್ನ ಬರುವುದು ರೂಢಿ.

4. ಬಡಿಸುವಾಗ, ಉಣ್ಣುವಾಗ

ಬೇಡದ್ದನ್ನು ಬೀಳುವ ಮೊದಲೇ ಬೇಡ ಅನ್ನಿ. ಸೌಟು ತಾಟಿನ ಮೇಲೆ ಬಂದಾಗ ಅಂಗೈ ಅಡ್ಡ ಹಿಡಿದು "ಸಾಕ್ರಿ" ಅಂದರೆ ಆಯಿತು. ಬಿದ್ದ ಮೇಲೆ "ಇಷ್ಟ್ಯಾಕ ಹಾಕಿದ್ರಿ" ಅಂದರೆ ಆ ಪಲ್ಯ ಬಕೆಟ್ಟಿಗೆ ವಾಪಸ್ ಹೋಗುವುದಿಲ್ಲ, ತಿಪ್ಪೆಗೆ ಹೋಗುತ್ತದೆ. ಬೇಡವಾದ ಮೊಸರಿನ ವಾಟಿಯನ್ನು ಮುಟ್ಟುವ ಮೊದಲೇ ಪಕ್ಕಕ್ಕೆ ಸರಿಸಿ ಹೇಳಿ.

ತಾಟಿನಲ್ಲೇ ಕೈ ತೊಳೆಯುವುದು ಹಳ್ಳಿಯ ಮನೆಗಳಲ್ಲಿ ಸಹಜ. ಮನೆಯಲ್ಲಿ ಆ ತಾಟು ಎತ್ತುವವರು ನಮ್ಮವರೇ. ಹೋಟೆಲಿನಲ್ಲಿ ಆ ನೀರು ತುಂಬಿದ ತಾಟನ್ನು ಜನರ ನಡುವೆ ಹೊತ್ತು ಹೋಗಬೇಕಾದವನು ಬೇರೆಯವನು. ಸ್ವಲ್ಪ ಚೆಲ್ಲಿದರೂ ಪಕ್ಕದವರ ಬಿಳಿ ಅಂಗಿ ಹಾಳು, ಬೈಗುಳ ಅವನಿಗೆ. ಎದ್ದು ಬೇಸಿನ್‌ಗೆ ಹೋಗಿ. ಕಾಲು ನೋವಿರುವ ಹಿರಿಯರಾದರೆ ಮಾತು ಬೇರೆ.

ಕೈ ಒರೆಸಿದ ಕಾಗದವನ್ನು ಗ್ಲಾಸಿನೊಳಗೆ ತುರುಕಬೇಡಿ. ತೊಳೆಯುವವರು ಅದನ್ನು ಬೆರಳು ಹಾಕಿ ಕೀಳಬೇಕು. ಸಹಾಯ ಮಾಡುವ ಉತ್ಸಾಹದಲ್ಲಿ ತಾಟಿನ ಮೇಲೆ ತಾಟು ಪೇರಿಸುವವರೂ ಇದ್ದಾರೆ. ಸಾರು ಉಳಿದಿದ್ದರೆ ಅದು ಜಾರುತ್ತದೆ, ಕೆಳಗಿನ ತಾಟಿನ ಎರಡೂ ಬದಿ ಜಿಡ್ಡಾಗುತ್ತದೆ. "ಒಂದರ ಮ್ಯಾಲ ಒಂದು ಇಡ್ಲೇನ್ರಿ?" ಅಂತ ಕೇಳಿ ಮಾಡಿ. ಮಕ್ಕಳು ಅನ್ನ ಚೆಲ್ಲಿದ್ದರೆ ದೊಡ್ಡದನ್ನಷ್ಟೇ ಆರಿಸಿ ತಾಟಿಗೆ ಹಾಕಿದರೂ ಸಾಕು.

ಊಟ ಮುಗಿಯಿತು, ಬೆನ್ನ ಹಿಂದೆ ಜನ ನಿಂತಿದ್ದಾರೆ. ಆಗ ಎದ್ದುಬಿಡಿ. ಮಾತು ಹೊರಗೆ ಚಾದಂಗಡಿಯಲ್ಲಿ ಮುಂದುವರಿಯಲಿ.

5. ಏನಾದರೂ ತಪ್ಪಾದಾಗ

ಒಬ್ಬ ಗಿರಾಕಿಯ ಗುಣ ಗೊತ್ತಾಗುವುದು ಇಲ್ಲೇ. ಖಾರ ಜಾಸ್ತಿಯಾಯಿತು, ಹೇಳಿದ್ದು ಒಂದು ಬಂದದ್ದು ಇನ್ನೊಂದು, ಅರ್ಧ ಗಂಟೆಯಾದರೂ ಏನೂ ಬಂದಿಲ್ಲ. ಇವುಗಳಲ್ಲಿ ಬಹಳಷ್ಟು ಸಪ್ಲೈಯರ್ ಕೈಯಲ್ಲಿಲ್ಲ. ಖಾರ ಹಾಕಿದ್ದು ಅಡುಗೆಯವರು. ತಡವಾದದ್ದು ಒಲೆ ಸಾಲದ್ದಕ್ಕೆ. ಆದರೆ ನಿಮ್ಮ ಮುಂದೆ ಬಂದು ನಿಲ್ಲುವ ಮುಖ ಅವರದೊಂದೇ, ಹಾಗಾಗಿ ಎಲ್ಲರ ಪಾಲಿನ ಬೈಗುಳವೂ ಅವರಿಗೇ ಸಿಗುತ್ತದೆ.

ಮೊದಲು ಸಪ್ಲೈಯರ್‌ಗೇ ಹೇಳಿ, ಮೆಲ್ಲಗೆ ಹೇಳಿ. ನೇರ ಗಲ್ಲಾದ ಹತ್ತಿರ ಹೋಗಿ ಕೂಗಾಡಿದರೆ ಮಾಲೀಕರಿಗೂ ಎಲ್ಲರ ಮುಂದೆ ಯಾರನ್ನಾದರೂ ಬೈಯಲೇಬೇಕಾದ ಪರಿಸ್ಥಿತಿ ಬರುತ್ತದೆ. ಕೆಲವು ಕಡೆ ವಾಪಸ್ ಹೋದ ಊಟದ ದುಡ್ಡನ್ನು ಪಗಾರದಲ್ಲೇ ಹಿಡಿಯುತ್ತಾರೆ. ನಿಮಗೆ ನೂರು ರೂಪಾಯಿಯ ಸಿಟ್ಟು, ಅವರಿಗೆ ಆ ದಿನದ ದುಡಿಮೆಯಲ್ಲಿ ದೊಡ್ಡ ಪಾಲು.

ಹೇಳುವಾಗ ಏನು ಬೇಕು ಅನ್ನುವುದನ್ನೂ ಸೇರಿಸಿ. "ಇದೇನ್ ಊಟಾರೀ ಇದು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಅಣ್ಣಾ, ಖಾರ ತಡಿಯಾಕಾಗವಲ್ದು, ಒಂದು ವಾಟಿ ಮೊಸರು ಕೊಡ್ರಿ" ಅಂದರೆ ಎರಡು ನಿಮಿಷದಲ್ಲಿ ದಾರಿ ಆಗುತ್ತದೆ. ಹುಳ, ಕೂದಲು, ಹಳಸಿದ ವಾಸನೆ, ಇಂಥದ್ದಾದರೆ ಮಾತ್ರ ಮಾಲೀಕರಿಗೇ ಹೇಳಬೇಕು. ಆಗಲೂ ಸಪ್ಲೈಯರ್ ಹೆಸರು ಹೇಳದೆ ಅಡುಗೆಯ ವಿಷಯ ಅಂತ ಹೇಳಿ.

ಹಾಗೆಯೇ ಊಟ ಚೆನ್ನಾಗಿದ್ದರೆ ದುಡ್ಡು ಕೊಡುವಾಗ ಮಾಲೀಕರ ಎದುರಿಗೇ ಹೇಳಿ: "ಆ ಟೇಬಲ್ಲಿನ ಕಾಕಾ ಭಾಳ ಚಲೋ ನೋಡಿಕೊಂಡ್ರು." ಸಪ್ಲೈಯರ್ ಬಗ್ಗೆ ಗಲ್ಲಾಕ್ಕೆ ಬರುವ ಮಾತೆಲ್ಲ ಹೆಚ್ಚಾಗಿ ದೂರೇ. ಒಳ್ಳೆಯ ಮಾತು ಅಲ್ಲಿಗೆ ಹೋದರೆ ಮುಂದಿನ ತಿಂಗಳು ರಜೆ ಕೇಳುವಾಗಲೋ ಮುಂಗಡ ಕೇಳುವಾಗಲೋ ಉಪಯೋಗಕ್ಕೆ ಬರುತ್ತದೆ.

6. ರೊಕ್ಕದ ವಿಷಯ

ಖಾನಾವಳಿಗಳಲ್ಲಿ ಟಿಪ್ ಕೊಡಲೇಬೇಕು ಅಂತ ಯಾರೂ ಕಾಯುವುದಿಲ್ಲ. ಕೊಡದೆ ಬಂದರೆ ತಪ್ಪು ಮಾಡಿದಂತೆ ಅನ್ನಿಸಬೇಕಿಲ್ಲ. ಕೊಡುವ ಮನಸ್ಸಿದ್ದರೆ ಸರಿಯಾದ ಕೈಗೆ ಹೋಗುವಂತೆ ಕೊಡಿ.

ಮೊದಲು ಚಿಲ್ಲರೆ ವಾಪಸ್ ಬಂದಾಗ ಐದೋ ಹತ್ತೋ ಅಲ್ಲೇ ಬಿಡುತ್ತಿದ್ದೆವು. ಈಗ ಎಲ್ಲರೂ ಸ್ಕ್ಯಾನ್ ಮಾಡುತ್ತೇವೆ. ದುಡ್ಡು ಬಂತು ಅಂತ ಗಲ್ಲಾದ ಮೇಲಿನ ಡಬ್ಬಿ ಕೂಗಿ ಹೇಳುತ್ತದೆ, ದುಡ್ಡು ಪೂರ್ತಿ ಮಾಲೀಕರ ಖಾತೆಗೆ ಹೋಗುತ್ತದೆ. ಚಿಲ್ಲರೆಯೇ ಹುಟ್ಟುವುದಿಲ್ಲ. ಸಪ್ಲೈಯರ್‌ಗಳಿಗೆ ಪಗಾರದ ಮೇಲೆ ಸಿಗುತ್ತಿದ್ದ ಆದಾಯ ಹೀಗೆ ಸದ್ದಿಲ್ಲದೆ ಕಡಿಮೆಯಾಗಿದೆ ಅನ್ನುವುದು ನನ್ನ ಅನಿಸಿಕೆ. ಕಿಸೆಯಲ್ಲಿ ಹತ್ತು, ಇಪ್ಪತ್ತರ ನಾಲ್ಕು ನೋಟು ಇಟ್ಟುಕೊಂಡಿರಿ. ಟೇಬಲ್ ಮೇಲೆ ಬಿಟ್ಟು ಹೋಗದೆ ಕೈಗೇ ಕೊಡಿ. ಬಡಿಸುವವರು, ತಾಟು ಎತ್ತುವವರು ಬೇರೆ ಬೇರೆ ಇದ್ದರೆ "ಇಬ್ಬರೂ ಹಂಚ್ಕೊಳ್ರಿ" ಅನ್ನಿ. ಬಿಲ್ ಮೊತ್ತಕ್ಕೆ ಸೇರಿಸಿ ಸ್ಕ್ಯಾನ್ ಮಾಡಿ "ಮೇಲಿಂದು ಅವರಿಗೆ ಕೊಡ್ರಿ" ಅಂತ ಗಲ್ಲಾದಲ್ಲಿ ಹೇಳುವುದೂ ಒಂದು ದಾರಿ, ಆದರೆ ಮಾಲೀಕರು ಪರಿಚಯದವರಾಗಿದ್ದರೆ ಮಾತ್ರ.

ಸ್ವಲ್ಪ ದೊಡ್ಡ ಎಸಿ ಹೋಟೆಲ್‌ಗಳ ಬಿಲ್‌ನಲ್ಲಿ ಗೊಂದಲವಾಗುವುದುಂಟು. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ. ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಶೇ 5, ಬಿಲ್‌ನಲ್ಲಿ ಎರಡೂವರೆಯ ಎರಡು ಸಾಲಾಗಿ ಕಾಣುತ್ತದೆ. ಅದರಲ್ಲಿ ಸಪ್ಲೈಯರ್‌ಗೆ ಪೈಸೆಯೂ ಇಲ್ಲ. 'ಸರ್ವಿಸ್ ಚಾರ್ಜ್' ಬೇರೆ, ಅದು ಹೋಟೆಲಿನವರೇ ಸೇರಿಸುವ ದುಡ್ಡು. ಅದನ್ನು ಗಿರಾಕಿಯನ್ನು ಕೇಳದೆ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡವಾದರೆ ತೆಗೆಯಲು ಹೇಳಬಹುದು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಈ ಮಾತನ್ನು ಮ್ಯಾನೇಜರ್ ಹತ್ತಿರ ಆಡಿ. ಬಿಲ್ ತಂದು ಕೊಟ್ಟ ಹುಡುಗಿಗೆ ಕಾನೂನು ಓದಿ ಹೇಳಿದರೆ ಏನು ಬಂತು?

ಈಗ ಬಡಿಸುವವರಿಗೆ

ನಿಮ್ಮ ಕೈಯಲ್ಲಿರುವ ಶಕ್ತಿ ಗಿರಾಕಿಗಿಂತ ಜಾಸ್ತಿ. ಹಸಿದು ಬಂದವರನ್ನು ನಾಲ್ಕು ಜನರ ಮುಂದೆ ಸಣ್ಣವರನ್ನಾಗಿ ಮಾಡುವುದೂ ದೊಡ್ಡವರನ್ನಾಗಿ ಮಾಡುವುದೂ ನಿಮ್ಮ ಒಂದು ಮಾತಿನಲ್ಲಿದೆ.

ದರವನ್ನು ಕೇಳುವ ಮೊದಲೇ ಹೇಳಿ. ಇದನ್ನೇ ಮೊದಲು ಹೇಳುತ್ತಿದ್ದೇನೆ, ಏಕೆಂದರೆ ಹೆಚ್ಚು ಜನ ಒದ್ದಾಡುವುದು ಇಲ್ಲೇ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ (ಈಗಿನ ಹೆಸರು ಕೆಎಂಸಿ-ಆರ್‌ಐ) ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಬರುವವರ ಕಿಸೆಯಲ್ಲಿ ಎಣಿಸಿದ ರೊಕ್ಕ ಇರುತ್ತದೆ. ಎಷ್ಟು ಅಂತ ಕೇಳಲು ಅವರಿಗೆ ಸಂಕೋಚ. ಮೆನು ಕಾರ್ಡ್ ಬರೀ ಇಂಗ್ಲಿಷಿನಲ್ಲಿದ್ದರೆ ಮುಗಿದೇಹೋಯಿತು. ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂರುತ್ತಾರೆ. ಅಂಥವರ ಹತ್ತಿರ ಹೋಗಿ ಎಲ್ಲರಿಗೂ ಹೇಳುವ ಧಾಟಿಯಲ್ಲೇ ಹೇಳಿಬಿಡಿ: "ಪ್ಲೇಟ್ ಊಟಕ್ಕ ಇಷ್ಟ್ರೀ, ಎರಡು ರೊಟ್ಟಿ ಬರ್ತಾವ, ಮ್ಯಾಲ ಬೇಕಂದ್ರ ಒಂದಕ್ಕ ಇಷ್ಟು." ಆಮೇಲೆ ಆಯ್ಕೆ ಅವರದು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಆಸ್ಪತ್ರೆಯಿಂದ ಪಾರ್ಸೆಲ್‌ಗೆ ಬಂದವರನ್ನು ಒಂದು ಮಾತು ಕೇಳಿ: "ಪೇಶಂಟಿಗೇನ್ರಿ?" ಹೌದಂದರೆ ಮೆತ್ತಗಿನ ಅನ್ನ, ಖಾರ ಕಡಿಮೆ ಇರುವ ಸಾರು, ಜೊತೆಗೆ ಅವರು ತಂದ ಬಾಟಲಿಗೆ ಬಿಸಿನೀರು. ಬಿಸಿನೀರಿಗೆ ಅಂಗಡಿಗೇನು ಖರ್ಚಿಲ್ಲ. ವಾರ್ಡಿನಲ್ಲಿ ಕೂತವರಿಗೆ ಅದು ಸುಲಭಕ್ಕೆ ಸಿಗುವ ವಸ್ತುವಲ್ಲ.

ಹಲ್ಲಿಲ್ಲದ ಹಿರಿಯರಿಗೆ ಖಡಕ್ ರೊಟ್ಟಿ ಇಟ್ಟು ಹೋಗಬೇಡಿ. "ಯಜ್ಜಾ, ಬಿಸಿದು ಬರ್ತೈತಿ, ತಡ್ಕೋರಿ" ಅನ್ನಿ, ಇಲ್ಲವಾದರೆ ಮುರಿದು ನೆನೆಸಿಕೊಳ್ಳಲು ಸಾರು ಜಾಸ್ತಿ ಕೊಡಿ. ಬೆಟಗೇರಿಯಲ್ಲೋ ಹುಬ್ಬಳ್ಳಿಯಲ್ಲೋ ಸಾವಜಿ ಊಟಕ್ಕೆ ಮೊದಲ ಸಲ ಬಂದವರು ಅಂತ ಮುಖ ನೋಡಿದರೇ ತಿಳಿಯುತ್ತದೆ. ಖಾರದ ಬಗ್ಗೆ ಮೊದಲೇ ಹೇಳಿ. ಅವರು ಬೆವರುವುದನ್ನು ನೋಡಿ ಒಳಗೆ ನಗುವುದು ತಮಾಷೆ ಅನ್ನಿಸಬಹುದು, ಅವರು ಎರಡನೇ ಸಲ ಬರುವುದಿಲ್ಲ ಅಷ್ಟೇ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ತರುವವರಲ್ಲಿ ಆಂಧ್ರದ ಕಡೆಯವರೂ ಇರುತ್ತಾರೆ. ಅವರು ಅನ್ನಕ್ಕಾಗಿ ಕಾಯುತ್ತಾರೆ, ನೀವು ರೊಟ್ಟಿ ಮುಗಿಯಲಿ ಅಂತ ಕಾಯುತ್ತೀರಿ. ಕೇಳಿಬಿಟ್ಟರೆ ಇಬ್ಬರದೂ ಹೊತ್ತು ಉಳಿಯುತ್ತದೆ.

ಧಾರವಾಡದ ಸಪ್ತಾಪುರದ ಸುತ್ತ ಪರೀಕ್ಷೆಗೆ ಓದುವ ಹುಡುಗರು, ಹುಡುಗಿಯರು ತುಂಬಿದ್ದಾರೆ. ಊರಿಂದ ರೊಕ್ಕ ಬರುವುದು ತಿಂಗಳಿಗೊಮ್ಮೆ. ಕೊನೆಯ ವಾರದಲ್ಲಿ ಒಂದು ಪ್ಲೇಟ್ ತೆಗೆದುಕೊಂಡು ಇಬ್ಬರು ಹಂಚಿಕೊಳ್ಳುತ್ತಾರೆ. ಎರಡನೇ ತಾಟು ಕೇಳುವ ಮೊದಲೇ ಇಟ್ಟುಬಿಡಿ. ಚಾ ಒನ್ ಬೈ ಟೂ ಅಂದರೆ ಎರಡೂ ಗ್ಲಾಸು ಸಮ ಇರಲಿ.

ತಡವಾಗುವುದಿದ್ದರೆ ಸುಳ್ಳು ಹೇಳಬೇಡಿ. "ಬಂತ್ರಿ, ಬಂತ್ರಿ" ಅನ್ನುವ ಮಾತು ಎಲ್ಲ ಕಡೆ ಇದೆ, ಅದರಿಂದ ಸಿಟ್ಟು ಜಾಸ್ತಿಯೇ ಆಗುತ್ತದೆ. "ರೊಟ್ಟಿ ಬಡಿಯಾಕತ್ತಾರ್ರಿ, ಹತ್ತು ನಿಮಿಷ ಆಕ್ಕೈತಿ, ಅಲ್ಲೀತನ ಶೇಂಗಾ ಚಟ್ನಿ, ಮೊಸರು ಕೊಡ್ಲೇನ್ರಿ?" ಅಂದರೆ ಬಸ್ ಹಿಡಿಯುವವರು ಎದ್ದು ಹೋಗುತ್ತಾರೆ, ಉಳಿದವರು ಸಮಾಧಾನದಿಂದ ಕೂರುತ್ತಾರೆ.

ಸ್ಕ್ಯಾನ್ ಮಾಡಿದ ಮೇಲೆ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದೆ, ಡಬ್ಬಿ ಕೂಗುತ್ತಿಲ್ಲ. ಇದು ಈಗಿನ ಹೊಸ ಮುಜುಗರ. ಗಿರಾಕಿಯ ಮುಖ ಕೆಂಪಾಗಿರುತ್ತದೆ, ಹಿಂದೆ ಪಾಳಿ ಬೆಳೆಯುತ್ತಿರುತ್ತದೆ. ಅವರನ್ನು ಪಕ್ಕಕ್ಕೆ ಕರೆದು "ನೆಟ್‌ವರ್ಕ್ ಹಂಗ ರೀ ಇಲ್ಲೆ, ನಿಂತು ನೋಡ್ರಿ" ಅನ್ನಿ. ತಪ್ಪು ನೆಟ್‌ವರ್ಕ್ ಮೇಲೆ ಹೋಯಿತು. ನಿಜವಾಗಿಯೂ ರೊಕ್ಕ ಕಡಿಮೆ ಬಿದ್ದಿದ್ದರೆ ಮಾಲೀಕರ ಕಿವಿಯಲ್ಲಿ ಹೇಳಿ, ಟೇಬಲ್ ಹತ್ತಿರ ಬೇಡ. ರೊಕ್ಕವೇ ಇಲ್ಲದೆ ಬಾಗಿಲಲ್ಲಿ ನಿಂತವರಿಗೆ ಕೊಡಲು ಆಗದಿದ್ದರೆ ಕನಿಷ್ಠ ದಾರಿ ಹೇಳಿ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಮಠದ ದಾಸೋಹ ಇದೆ, ಕಡಿಮೆ ದರದ ಇಂದಿರಾ ಕ್ಯಾಂಟೀನ್‌ಗಳಿವೆ.

ಗಲ್ಲಾದಲ್ಲಿ ಕೂತವರಿಗೆ ಎರಡು ಮಾತು

ಸಪ್ಲೈಯರ್ ಉಪಚಾರ ಮಾಡಬೇಕಾದರೆ ಅವರಿಗೆ ಅಷ್ಟು ಅಧಿಕಾರ ಕೊಟ್ಟಿರಬೇಕು. ಒಂದು ವಾಟಿ ಮೊಸರು, ಒಂದು ರೊಟ್ಟಿ, ಇಷ್ಟನ್ನು ನಿಮ್ಮನ್ನು ಕೇಳದೆ ಕೊಡಬಹುದು ಅಂತ ಹೇಳಿಡಿ. ಪ್ರತಿ ಸಲ ನಿಮ್ಮ ಕಡೆ ನೋಡಬೇಕಾದರೆ ಅವರು ಕೊಡುವುದನ್ನೇ ಬಿಟ್ಟುಬಿಡುತ್ತಾರೆ.

ಗದ್ದಲ ಇಳಿದಾಗ ಕೂರಲು ಒಂದೆರಡು ಸ್ಟೂಲ್ ಇಡಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಇರಬೇಕು ಅಂತ ಕಾನೂನೇ ತಿದ್ದಿದವು. ಸ್ಟೂಲ್ ಇಡಲು ನಾವು ಕಾನೂನಿಗೆ ಕಾಯಬೇಕಾಗಿಲ್ಲ. ಗಿರಾಕಿ ಬಂದಾಗ ಎದ್ದರಾಯಿತು.

ಟಿಪ್ ಬರುವ ಹೋಟೆಲ್ ನಿಮ್ಮದಾದರೆ ಅದಕ್ಕೊಂದು ಡಬ್ಬಿ ಇಡಿ. ವಾರಕ್ಕೊಮ್ಮೆ ಎಲ್ಲರ ಎದುರಿಗೆ ತೆಗೆದು ಎಣಿಸಿ, ವಹಿಯಲ್ಲಿ ಬರೆದು ಹಂಚಿ. ಹಂಚುವಾಗ ಹಿಂದೆ ತಾಟು ತೊಳೆಯುವವರನ್ನೂ ರೊಟ್ಟಿ ಬಡಿಯುವವರನ್ನೂ ಸೇರಿಸಿ. ಗಿರಾಕಿ ಖುಷಿಯಾಗಿದ್ದು ಬಡಿಸಿದವರ ಮಾತಿಗೋ ಬಿಸಿ ರೊಟ್ಟಿಗೋ ಯಾರಿಗೆ ಗೊತ್ತು. ಸ್ಕ್ಯಾನ್ ಮಾಡಿ ಕೊಟ್ಟ ಟಿಪ್ ಇದ್ದರೆ ಆ ದಿನವೇ ಅಷ್ಟು ನಗದು ತೆಗೆದು ಡಬ್ಬಿಗೆ ಹಾಕಿಬಿಡಿ, ತಿಂಗಳ ಕೊನೆಗೆ ನೋಡೋಣ ಅಂದರೆ ಲೆಕ್ಕ ತಪ್ಪುತ್ತದೆ.